ಮೂರನೇ ಇಂಚು

"ಇವನ ಬೆಸುಗೆಗಿಂತ ನಮ್ಮತ್ತೆ ಹಲ್ಲುಸೆಟ್ಟಿಗೆ ಹಚ್ಚೋ ಅಂಟು ಗಟ್ಟಿ," ಎಂದ ರೇಡಿಯೊ, ನನ್ನ ಕಡೆ ಬೆರಳು ತೋರಿಸಿ. "ಬಾಯಿ ಮುಚ್ಕೊಂಡು ಕೆಲಸ ಮಾಡೋ ಅಂದ್ರೆ ಮುಖ ಮುಚ್ಕೊಂಡು ಗೊಣಗ್ತಾನೆ. ಇನ್ನೇನು ನಿಲ್ಲುತ್ತೆ, ಇವನ ತಲೆ."

ವರ್ಕ್‌ಶಾಪಿನಲ್ಲಿ ಆಗ ನನ್ನನ್ನು ಬಿಟ್ಟು ಕೆಲಸದವರು ಹನ್ನೊಂದು ಜನ ಇದ್ದರು. ಹನ್ನೊಂದೂ ಜನ ನಕ್ಕರು. ಮೇಸ್ತ್ರಿ ದೊಡ್ಡ ಮನುಷ್ಯ, ಅವನು ನಕ್ಕಿರಲಾರ ಎಂದು ನೀವು ಅಂದುಕೊಂಡರೆ ತಪ್ಪು. ಎಲ್ಲರಿಗಿಂತ ಕೊನೆಗೆ ನಗು ನಿಲ್ಲಿಸಿದವನೇ ಅವನು.

ನಗುವುದಕ್ಕೆ ಕಾರಣವೂ ಇತ್ತು ಎನ್ನಿ. ನಮಗೆ ಒಂದು ಆಸ್ಪತ್ರೆಯ ಹೊರಮೆಟ್ಟಿಲಿನ ಕೆಲಸ ಸಿಕ್ಕಿತ್ತು. ಬೆಂಕಿ ಬಿದ್ದರೆ ಐದನೇ ಮಹಡಿಯಿಂದ ಜನ ಇಳಿದು ಓಡುವ ಕಬ್ಬಿಣದ ಮೆಟ್ಟಿಲು. ಅದಕ್ಕೆ ಬೆಸುಗೆ ಹಾಕುವ ಪ್ರತಿಯೊಬ್ಬನೂ ಪರೀಕ್ಷೆ ಪಾಸು ಮಾಡಬೇಕು. ಪರೀಕ್ಷೆ ಸರಳ. ಎರಡು ಕಬ್ಬಿಣದ ತುಂಡುಗಳನ್ನು ನಾಲ್ಕು ಇಂಚು ಉದ್ದಕ್ಕೆ ಬೆಸೆದು ಕೊಡಬೇಕು. ಅದನ್ನು ವೈಸಿನ ಕಬ್ಬಿಣದ ದವಡೆಗೆ ಸಿಕ್ಕಿಸಿ ದೊಡ್ಡ ಸುತ್ತಿಗೆಯಿಂದ ಬಡಿಯುತ್ತಾರೆ. ಬಾಗಿದರೆ ಪಾಸು, ಬಿರುಕು ಬಿಟ್ಟರೆ ನಪಾಸು. ನಾನು ಮೂರು ತುಂಡು ಕೊಟ್ಟಿದ್ದೆ. ಮೂರೂ ಬಿರುಕು ಬಿಟ್ಟವು. ಮೇಲಿನಿಂದ ನೋಡಿದರೆ ಮೀನಿನ ಮೈಯಂತೆ ಒಂದೇ ಸಮ ಇದ್ದ ಬೆಸುಗೆ ಒಳಗೆ ಹಿಡಿದೇ ಇರಲಿಲ್ಲ. ಅದೂ ಎಲ್ಲೆಂದರಲ್ಲಿ ಅಲ್ಲ, ಅಳತೆಪಟ್ಟಿ ಇಟ್ಟು ಒಡೆದ ಹಾಗೆ ಮೂರೂ ಮೂರನೇ ಇಂಚಿನಲ್ಲಿ.

ರೇಡಿಯೊ ನಮ್ಮಲ್ಲಿ ಗ್ರೈಂಡರ್ ಹಿಡಿಯುವವನು. ನಾವು ಬೆಸೆದದ್ದನ್ನು ಅವನು ಉಜ್ಜಿ ನುಣುಪು ಮಾಡುತ್ತಾನೆ. ಅವನನ್ನು ಆರಿಸುವ ಗುಂಡಿ ಎಲ್ಲಿದೆ ಎಂದು ಯಾರಿಗೂ ಗೊತ್ತಾಗಿಲ್ಲ, ಅದಕ್ಕೇ ಆ ಹೆಸರು. ನನಗೆ ಕುಕ್ಕರ್ ಎಂದು ಹೆಸರಿಟ್ಟವನೂ ಅವನೇ. ಯಾಕೆ ಎಂದು ಆ ಮಧ್ಯಾಹ್ನವೂ ತೋರಿಸಿಕೊಟ್ಟೆ. ಕೈಯಲ್ಲಿದ್ದ ಸುತ್ತಿಗೆಯನ್ನು ಬೀಸಿ ಒಗೆದೆ. ರೇಡಿಯೊನ ಮೇಲಲ್ಲ, ಗುಜರಿ ಡ್ರಮ್ಮಿನ ಮೇಲೆ. ಅಷ್ಟು ಬುದ್ಧಿ ಕೋಪದಲ್ಲೂ ಇರುತ್ತದೆ. ಆದರೆ ಸುತ್ತಿಗೆಗೆ ಆ ಬುದ್ಧಿ ಇರಬೇಕಲ್ಲ. ಅದು ಡ್ರಮ್ಮಿನ ಅಂಚಿಗೆ ಬಡಿದು, ಪುಟಿದು, ಹೋಗಿ ಹೋಗಿ ಟೀ ಫ್ಲಾಸ್ಕಿಗೆ ಬಿತ್ತು. ಹನ್ನೊಂದು ಜನರ ಮಧ್ಯಾಹ್ನದ ಟೀ ನೆಲದ ಮೇಲೆ ಹರಿಯಿತು. ಆಗ ನಗು ನಿಂತಿತು.

"ಸಕ್ಕರೆ ಹಾಕಿದ್ದೆ ಇವತ್ತು," ಎಂದ ಮೇಸ್ತ್ರಿ, ಸತ್ತವರ ಬಗ್ಗೆ ಮಾತಾಡುವ ದನಿಯಲ್ಲಿ.

ಇನ್ಸ್‌ಪೆಕ್ಟರಮ್ಮ ಮಾತ್ರ ಫ್ಲಾಸ್ಕಿನ ಕಡೆ ತಿರುಗಿಯೂ ನೋಡಲಿಲ್ಲ. ಪರೀಕ್ಷೆ ಮಾಡಲು ಬಂದಿದ್ದ ತೆಳ್ಳಗಿನ ಹೆಂಗಸು, ವಯಸ್ಸು ನಮ್ಮಮ್ಮನದಕ್ಕಿಂತ ಜಾಸ್ತಿ. ಕನ್ನಡಕ ಕೊರಳಲ್ಲಿ ದಾರಕ್ಕೆ ನೇತಾಡುತ್ತಿತ್ತು. ಕೋಟಿನ ಜೇಬಿನಲ್ಲಿ ಓಟದ ಪಂದ್ಯದಲ್ಲಿ ಹಿಡಿಯುವಂಥ ಗಡಿಯಾರ. ನನ್ನ ಮೂರು ತುಂಡುಗಳನ್ನು ಸಾಲಾಗಿ ಜೋಡಿಸಿಟ್ಟು, ಮೂರು ಬಿರುಕುಗಳ ಮೇಲೆ ಬೆರಳು ಆಡಿಸಿ ಹೇಳಿದರು, "ಇದು ಕೈತಪ್ಪಲ್ಲ. ಕೈತಪ್ಪಾದ್ರೆ ಒಂದೊಂದು ಒಂದೊಂದು ಕಡೆ ಒಡೆಯುತ್ತೆ. ಇದು ಅಭ್ಯಾಸದ ತಪ್ಪು. ಆ ಜಾಗಕ್ಕೆ ಬಂದಾಗ ನಿನ್ನ ಕೈ ಓಡುತ್ತೆ, ಕಬ್ಬಿಣ ಕರಗೋಕೆ ಪುರುಸೊತ್ತು ಸಿಗಲ್ಲ. ವೇಗ ಹೇಗೆ ಇಟ್ಕೋತೀಯ? ಏನಾದ್ರೂ ಎಣಿಸ್ತೀಯಾ?"

ಪ್ರಶ್ನೆಯಲ್ಲಿ ವಿಚಿತ್ರ ಏನಿಲ್ಲ. ಬೆಸುಗೆ ಹಾಕುವವರಿಗೆಲ್ಲ ಒಂದೊಂದು ತಾಳ ಇರುತ್ತದೆ. ಮೇಸ್ತ್ರಿ ಬಲಗಾಲು ತಟ್ಟುತ್ತಾನೆ. ಅವನ ಬೂಟುಗಳನ್ನು ನೋಡಿ, ಬಲದ್ದರ ಹಿಮ್ಮಡಿ ಎಡದ್ದರ ಅರ್ಧ ಇದೆ. ಇನ್ನೊಬ್ಬ ಹಾಡು ಗುನುಗುತ್ತಾನೆ. ಒಬ್ಬ ಹೆಂಡತಿ ಜೊತೆ ಆಡಿದ ಜಗಳವನ್ನು ಮನಸ್ಸಿನಲ್ಲೇ ಮೊದಲಿನಿಂದ ಕೊನೆಯವರೆಗೆ ಹೇಳಿಕೊಳ್ಳುತ್ತಾನೆ, ಬೆಸುಗೆ ಬಹಳ ಚೆನ್ನಾಗಿ ಬರುತ್ತದೆ.

ನಾನು ಪ್ರಾರ್ಥನೆ ಹೇಳುತ್ತೇನೆ.

ಯೇಸು ತನ್ನ ಶಿಷ್ಯರಿಗೆ ಕಲಿಸಿಕೊಟ್ಟ ಪ್ರಾರ್ಥನೆ. ನಮ್ಮಲ್ಲಿ ಮಾತು ಕಲಿತ ಮಕ್ಕಳಿಗೆ ಹೇಳಿಕೊಡುವ ಮೊದಲನೇ ಪಾಠ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಕಿಡಿಗೆ ಹೆದರಿ ಹೇಳಿಕೊಳ್ಳುತ್ತಿದ್ದೆ. ಆಮೇಲೆ ನೋಡಿದರೆ, ಒಂದು ಪ್ರಾರ್ಥನೆ ಮುಗಿಯುವುದಕ್ಕೂ ನಾಲ್ಕು ಇಂಚು ಬೆಸುಗೆ ಮುಗಿಯುವುದಕ್ಕೂ ಸರಿಹೋಗುತ್ತಿತ್ತು. ಸ್ವರ್ಗದಲ್ಲಿರುವ ತಂದೆಯ ಹೆಸರಿನಿಂದ ಕಿಡಿ ಹೊತ್ತಿಸಿದರೆ ಆಮೆನ್‌ಗೆ ಬೆಸುಗೆ ರಾಡು ಎತ್ತುವುದು. ದಿನಕ್ಕೆ ನಲವತ್ತು ರಾಡು, ಕಡಿಮೆ ಎಂದರೆ ನಲವತ್ತು ಪ್ರಾರ್ಥನೆ. ಆ ಲೆಕ್ಕದಲ್ಲಿ ಊರಿನ ಪಾದ್ರಿಗಿಂತ ನಾನೇ ಮುಂದೆ. ಆದರೆ ಇದು ಒಂದು ನರಪಿಳ್ಳೆಗೂ ಗೊತ್ತಿರಲಿಲ್ಲ. ವೆಲ್ಡಿಂಗ್ ಮಾಸ್ಕಿನಷ್ಟು ಒಳ್ಳೆಯ ದೇವಾಲಯ ಇನ್ನೊಂದಿಲ್ಲ. ಒಳಗಿದ್ದವನಿಗೆ ಹೊರಗಿನದು ಕಾಣುವುದಿಲ್ಲ, ಹೊರಗಿದ್ದವರಿಗೆ ಒಳಗಿನದು ಕಾಣುವುದಿಲ್ಲ. ಗೊಣಗುವುದು ಮಾತ್ರ ಕೇಳಿಸುತ್ತದೆ. ನಾನು ಬೈಯುತ್ತಿದ್ದೇನೆ ಎಂದೇ ಎಲ್ಲರ ನಂಬಿಕೆ. ನನ್ನ ಮುಖ ನೋಡಿದವರು ಬೇರೆ ಏನು ತಾನೇ ಅಂದುಕೊಂಡಾರು?

"ಎಣಿಸ್ತೀನಿ," ಎಂದೆ. "ಒಂದರಿಂದ ಮೂವತ್ತೈದು."

ವರ್ಕ್‌ಶಾಪಿನ ಹಿಂದಿನ ಮನೆಯಲ್ಲಿ ಕೋಳಿ ಸಾಕಿದ್ದಾರೆ. ಹೊತ್ತುಗೊತ್ತಿಲ್ಲದೆ ಕೂಗುವ ಕೋಳಿ. ಅದು ಆಗಲೇ ಕೂಗಬೇಕೆ? ಯೇಸು ಯಾರೋ ನನಗೆ ಗೊತ್ತೇ ಇಲ್ಲ ಎಂದು ಹೆದರಿ ಸುಳ್ಳು ಹೇಳಿದ ಶಿಷ್ಯನಿಗೂ ಒಂದು ಕೋಳಿ ಕೂಗಿತ್ತು. ನನಗೆ ಕಿವಿ ಬಿಸಿಯಾಯಿತು.

"ಹಾಗಾದ್ರೆ ಎಣಿಸಿ ತೋರಿಸು," ಎಂದರು ಇನ್ಸ್‌ಪೆಕ್ಟರಮ್ಮ, ಗಡಿಯಾರ ತೆಗೆದು.

ಗಟ್ಟಿಯಾಗಿ ಎಣಿಸುತ್ತಾ ಬೆಸೆದೆ. ಹನ್ನೆರಡು ಆದಮೇಲೆ ಹದಿನಾಲ್ಕು ಅಂದೆ. ಹದಿಮೂರು ಎಲ್ಲಿ ಹೋಯಿತು ಎಂದು ಹುಡುಕುವಷ್ಟರಲ್ಲಿ ರಾಡು ಕಬ್ಬಿಣಕ್ಕೆ ಅಂಟಿಕೊಂಡಿತು. ಮಾಸ್ಕ್ ಎತ್ತಿ ನೋಡಿದರೆ ಬೆಸುಗೆ ಬಸವನಹುಳು ವಾಂತಿ ಮಾಡಿಕೊಂಡ ಹಾಗಿತ್ತು.

"ನೀನು ಎಣಿಸೋನಲ್ಲ," ಎಂದರು ಅವರು. "ನಾಳೆ ಹತ್ತು ಗಂಟೆಗೆ ಬರ್ತೀನಿ. ಹೊಸದಾಗಿ ಮೂರು ತುಂಡು ಮಾಡಿ ಕೊಡು. ಜೊತೆಗೆ ಕಾರಣ ಹೇಳು. ಕಾರಣ ಗೊತ್ತಿಲ್ದೆ ತುಂಡು ಸರಿಹೋದ್ರೂ ನಾನು ಪಾಸು ಮಾಡಲ್ಲ, ಇವತ್ತು ಹೋದ ತಪ್ಪು ಮೆಟ್ಟಿಲ ಮೇಲೆ ವಾಪಸ್ ಬರುತ್ತೆ. ಜೊತೆ ಕೆಲಸದವರಿಬ್ಬರ ಎದುರಿಗೇ ಹೇಳಬೇಕು, ಅವರು ಸಹಿ ಹಾಕಬೇಕು. ಫಾರಂನಲ್ಲಿ ಹಾಗಿದೆ."

"ನಾನು ಹಾಕ್ತೀನಿ ಸಹಿ," ಎಂದ ರೇಡಿಯೊ, ಮದುವೆಗೆ ಕರೆಸಿಕೊಂಡವನ ಹಾಗೆ.

ಅವರು ಹೋದಮೇಲೆ ಮೇಸ್ತ್ರಿ ನನ್ನನ್ನು ಪಕ್ಕಕ್ಕೆ ಕರೆದ. "ನೋಡು ಕುಕ್ಕರ್, ನಾಳೆ ಆಗ್ಲಿಲ್ಲ ಅಂದ್ರೆ ಹೊರಗಿಂದ ಒಬ್ಬನ್ನ ಕರೆಸ್ತೀನಿ. ನೀನು ಗೇಟಿಗೆ ಬಣ್ಣ ಬಳಿ. ಬಣ್ಣ ಬಳಿಯೋದೂ ಕೆಲಸಾನೇ."

ಮೂರು ವರ್ಷದಿಂದ ಗೇಟು, ಕಿಟಕಿ, ಗೇಟು, ಕಿಟಕಿ. ಜನ ಕಾಲಿಟ್ಟು ನಡೆಯುವಂಥದ್ದು, ಪ್ರಾಣ ಉಳಿಸಿಕೊಳ್ಳುವಂಥದ್ದು ಒಂದಾದರೂ ನನ್ನ ಕೈಯಿಂದ ಆಗಬೇಕೆಂದು ಎಷ್ಟು ಆಸೆ ಇತ್ತು ಎಂದು ನಾನು ಅವನಿಗೆ ಹೇಳಲಿಲ್ಲ. ಒಡೆದ ಒಂದು ತುಂಡನ್ನು ಜೇಬಿಗೆ ಹಾಕಿಕೊಂಡು ಮನೆಗೆ ಹೋದೆ.

ಮನೆ ಎಂದರೆ ಎರಡು ಕೋಣೆ, ನಾನು, ಅಮ್ಮ. ಅಮ್ಮ ಒಂದು ಲಾಂಡ್ರಿಯಲ್ಲಿ ಹೋಟೆಲುಗಳ ಹಾಸಿಗೆ ಬಟ್ಟೆ ಇಸ್ತ್ರಿ ಮಾಡುತ್ತಾಳೆ. ಬಾಯಿ ವಿಷಯದಲ್ಲಿ ಅವಳು ನನಗೆ ಪೂರಾ ತದ್ವಿರುದ್ಧ. ತನ್ನ ಯೇಸುವಿನ ಬಗ್ಗೆ ಅವಳು ಯಾರ ಹತ್ತಿರ ಬೇಕಾದರೂ ಮಾತಾಡುತ್ತಾಳೆ, ನೆರೆಮನೆಯವರ ಬಗ್ಗೆ ಮಾತಾಡಿದ ಹಾಗೆ, ನಿನ್ನೆ ತಾನೇ ಬಂದು ಕುರ್ಚಿಯಲ್ಲಿ ಕೂತು ಹೋದ ಹಾಗೆ. ಬಸ್ ಕಂಡಕ್ಟರಿಗೆ ನಿಮ್ಮ ಸೊಂಟನೋವಿಗೆ ಪ್ರಾರ್ಥನೆ ಮಾಡಿದ್ದೀನಿ ಎಂದು ಹೇಳುತ್ತಾಳೆ, ಅವನು ಟಿಕೆಟ್ ಕೊಡುವುದನ್ನು ಮರೆಯುತ್ತಾನೆ. ಒಮ್ಮೆ ಹಲ್ಲು ಕೀಳಿಸಿಕೊಳ್ಳಲು ಹೋದವಳು ಬಾಯಿ ತೆರೆದುಕೊಂಡೇ, ಇಕ್ಕಳ ಒಳಗಿರುವಾಗಲೇ, ಡಾಕ್ಟರಿಗೆ ಯೇಸುವಿನ ಬಗ್ಗೆ ಸಾಕ್ಷಿ ಹೇಳಿದ್ದಳು. ನಾನು ಹೊರಗೆ ಬೆಂಚಿನ ಮೇಲೆ ಕೂತು, ಇವಳಿಗೂ ನನಗೂ ಸಂಬಂಧವೇ ಇಲ್ಲ ಎನ್ನುವ ಹಾಗೆ ಗೋಡೆ ನೋಡಿದ್ದೆ.

ಊಟದ ಮೇಜಿನ ಮೇಲೆ ತುಂಡನ್ನಿಟ್ಟೆ. ಅದೇನು ಎಂದಳು. ಹೇಳಿದೆ. ಹೇಗೂ ಅವಳಿಗೊಬ್ಬಳಿಗೆ ಹೇಳಬಹುದಲ್ಲ, ಪ್ರಾರ್ಥನೆಯ ಗುಟ್ಟನ್ನೂ ಹೇಳಿದೆ. ಅವಳ ಮುಖ ಅರಳಿತು.

"ಹೌದಾ? ದಿನಕ್ಕೆ ನಲವತ್ತು ಸಲಾನಾ?"

"ಅದಲ್ಲಮ್ಮ ವಿಷಯ."

"ನಲವತ್ತು ಸಲ," ಎಂದಳು ಮತ್ತೆ, ಯಾವ ಕಂಡಕ್ಟರಿಗೆ ಮೊದಲು ಹೇಳಲಿ ಎಂದು ಲೆಕ್ಕ ಹಾಕುತ್ತಾ.

"ನೋಡು ಇಲ್ಲಿ, ಹೀಗೆ," ಎಂದು ಬೆಸುಗೆಯ ತುದಿಯಲ್ಲಿ ಬೆರಳಿಟ್ಟೆ. ಮನಸ್ಸಿನಲ್ಲಿ ಹೇಳಿಕೊಳ್ಳುವ ವೇಗದಲ್ಲೇ ಬಾಯಿ ಬಿಟ್ಟು ಹೇಳುತ್ತಾ, ಬೆರಳನ್ನು ಉದ್ದಕ್ಕೂ ಎಳೆದೆ. ತಂದೆಯ ಹೆಸರಿನ ಸಾಲು ಹೋಯಿತು, ರಾಜ್ಯದ್ದು ಹೋಯಿತು, ದಿನದ ಊಟದ್ದು ಹೋಯಿತು.

"ಅಲ್ಲಿ," ಎಂದಳು ಅಮ್ಮ.

"ಎಲ್ಲಿ?"

"ಈಗ ಹೇಳಿದ್ಯಲ್ಲ, ಅಲ್ಲಿ ಓಡಿದೆ. ಒದ್ದೆ ಬಟ್ಟೆ ಮೇಲೆ ಇಸ್ತ್ರಿ ಓಡಿಸಿದ ಹಾಗೆ. ಇನ್ನೊಂದು ಸಲ ಹೇಳು."

ಇನ್ನೊಂದು ಸಲ ಹೇಳಿದೆ. ನಮಗೆ ಕೆಟ್ಟದ್ದು ಮಾಡಿದವರನ್ನು ನಾವು ಕ್ಷಮಿಸಿದ್ದೇವೆ ಎಂದು ಒಪ್ಪಿಕೊಳ್ಳುವ ಸಾಲು ಬಂತು. ನನ್ನ ನಾಲಿಗೆ ಅದನ್ನು ಮಾತ್ರೆಯ ಹಾಗೆ ನುಂಗಿ ಮುಂದೆ ಹೋಯಿತು. ನಾನು ಕೆಳಗೆ ನೋಡಿದೆ. ನನ್ನ ಬೆರಳು ಸರಿಯಾಗಿ ಬಿರುಕಿನ ಮೇಲಿತ್ತು.

ಊಟ ಆರುತ್ತಿತ್ತು.

"ಚಿಕ್ಕವನಿದ್ದಾಗ ಹಾಗೆ ಹೇಳ್ತಿರ್ಲಿಲ್ಲ ನೀನು," ಎಂದಳು. "ಆ ಮೇಷ್ಟ್ರ ಗಲಾಟೆ ಆದಮೇಲಿಂದ."

ಮೇಷ್ಟ್ರ ಗಲಾಟೆ ಎಂದರೆ ಇಷ್ಟು. ನಾನು ಏಳನೇ ತರಗತಿಯಲ್ಲಿದ್ದೆ. ಲೆಕ್ಕದ ಮೇಷ್ಟ್ರು ಒಂದು ದಿನ, ನಿಮ್ಮಲ್ಲಿ ಪರೀಕ್ಷೆಗೆ ಓದದೆ ಪ್ರಾರ್ಥನೆ ಮಾಡಿಕೊಂಡು ಬಂದವರು ಯಾರು ಎಂದರು. ಅದು ತಮಾಷೆ ಎಂದು ತಿಳಿಯದೆ ನಾನು ಕೈ ಎತ್ತಿದೆ. ಬೆಂಚು ಹತ್ತಿಸಿ ನಿಲ್ಲಿಸಿದರು. ಹಾಗಾದರೆ ಈಗ ಗಟ್ಟಿಯಾಗಿ ಹೇಳು, ನಿನ್ನ ಯೇಸು ಬಂದು ಭಾಗಾಕಾರ ಮಾಡಿಕೊಡ್ತಾನಾ ನೋಡೋಣ, ಎಂದರು. ಹೇಳಿದೆ. ಅರ್ಧಕ್ಕೆ ಬಂದಾಗ ಇಡೀ ತರಗತಿ ನನ್ನ ಜೊತೆ ರಾಗ ಎಳೆದು ಹೇಳತೊಡಗಿತು. ನಾನು ಕರಿಹಲಗೆ ಒರೆಸುವ ಮರದ ತುಂಡನ್ನು ಮೇಷ್ಟ್ರ ಮುಖಕ್ಕೆ ಎಸೆದೆ. ನನ್ನ ಓದು ಅಲ್ಲಿಗೆ ಮುಗಿಯಿತು. ಅವತ್ತಿನಿಂದ ಆ ಸಾಲಿಗೆ ಬಂದಾಗಲೆಲ್ಲ ಮೇಷ್ಟ್ರ ಮುಖ ಕಾಣುತ್ತಿತ್ತು. ಬರಬರುತ್ತಾ ಅವರ ಹಿಂದೆ ಬೇರೆಯವರೂ ಬಂದು ನಿಂತರು. ನನ್ನ ಸೈಕಲ್ ತೆಗೆದುಕೊಂಡು ಹೋಗಿ ಮಡ್‌ಗಾರ್ಡ್ ಮಾತ್ರ ವಾಪಸು ತಂದ ಚಿಕ್ಕಪ್ಪ. ನಡುದಾರಿಯಲ್ಲಿ ಇಳಿಸಿದ ಬಸ್ಸಿನವನು. ರೇಡಿಯೊ, ಅವನಂತೂ ಮೂರು ವರ್ಷದಿಂದ ಕಾಯಂ. ಎದುರಿಗೆ ಬೇಡದವರು ಬಂದರೆ ರಸ್ತೆ ದಾಟಿ ಆಚೆ ಬದಿಗೆ ಹೋಗುತ್ತೇವಲ್ಲ, ಹಾಗೆ ನಾನು ಆ ಸಾಲಿನಲ್ಲಿ ದಿನಕ್ಕೆ ನಲವತ್ತು ಸಲ ರಸ್ತೆ ದಾಟುತ್ತಿದ್ದೆ.

"ಸಿಕ್ತಲ್ಲ ಕಾರಣ," ಎಂದಳು ಅಮ್ಮ. "ನಾಳೆ ಹೇಳು."

"ಹೇಗಮ್ಮ ಹೇಳೋದು? ರೇಡಿಯೊ ಎದುರಿಗೆ ಹೇಳಬೇಕು. ನಗ್ತಾರೆ."

"ನಗ್ಲಿ. ಹಲ್ಲಿನ ಡಾಕ್ಟರೂ ನಕ್ಕರು. ಹಲ್ಲು ಸರಿಯಾಗೇ ಕಿತ್ತರು."

"ನನ್ನ ನೋಡಿ ನಕ್ಕರೆ ಪರವಾಗಿಲ್ಲ. ನಾನು ಯಾರು ಅಂತ ಗೊತ್ತು ಅವರಿಗೆ. ಮಧ್ಯಾಹ್ನ ಫ್ಲಾಸ್ಕ್ ಒಡೆದಿದ್ದೀನಿ. ಇಂಥೋನು ಯೇಸುವಿನ ಕಡೆಯೋನು ಅಂತ ಗೊತ್ತಾದ್ರೆ ಯಾರನ್ನ ನೋಡಿ ನಗ್ತಾರೆ ಹೇಳು. ಅವನನ್ನ."

ಇದನ್ನು ನಾನು ಅದುವರೆಗೆ ನನಗೇ ಹೇಳಿಕೊಂಡಿರಲಿಲ್ಲ. ಬಾಯಿಂದ ಬಿದ್ದಮೇಲೆ ಗೊತ್ತಾಯಿತು, ಹೆದರಿಕೆ ಇದೇ ಎಂದು.

ಅಮ್ಮ ಎದ್ದು ಕಪಾಟಿನ ಬಾಗಿಲು ತೆರೆದಳು. ಬೆನ್ನು ನನ್ನ ಕಡೆಗಿತ್ತು. "ಒಳ್ಳೆಯವರಾದಮೇಲೆ ಹೇಳೋಣ ಅಂತ ಎಲ್ಲರೂ ಕಾದಿದ್ರೆ, ಇವತ್ತಿನವರೆಗೆ ಒಬ್ಬನೂ ಹೇಳಿರ್ತಿರಲಿಲ್ಲ. ನನಗೂ ಹೆದರಿಕೆ ಆಗುತ್ತೆ."

"ನಿನಗಾ?"

"ಪ್ರತಿ ಸಲ. ಎದೆ ಡವಡವ ಅನ್ನುತ್ತೆ. ಹೇಳಿದ ಮೇಲೆ ಹೋಗುತ್ತೆ. ಹೇಳೋ ಮುಂಚೆ ಹೋಗ್ಲಿ ಅಂತ ನಾನೂ ಕಾದು ನೋಡಿದ್ದೀನಿ, ಹೋಗಲ್ಲ." ಅವಳ ಕೈಯಲ್ಲಿ ನಮ್ಮ ಮನೆಯ ಫ್ಲಾಸ್ಕ್ ಇತ್ತು, ಅವಳ ಮದುವೆಗೆ ಯಾರೋ ಕೊಟ್ಟದ್ದು, ಕೆಂಪು ಹೂವಿನದು. "ಇದನ್ನ ತಗೊಂಡು ಹೋಗು. ಟೀ ನಾನೇ ಮಾಡಿ ತುಂಬಿಸ್ತೀನಿ. ಸಕ್ಕರೆ ಎಷ್ಟು ಹಾಕ್ಲಿ ನಿಮ್ಮ ಮೇಸ್ತ್ರಿಗೆ?"

ಮರುದಿನ ಹತ್ತಕ್ಕೆ ಐದು ನಿಮಿಷ ಇರುವಾಗಲೇ ಇನ್ಸ್‌ಪೆಕ್ಟರಮ್ಮ ಬಂದರು. ಯಾರಿಗೂ ಕೆಲಸ ಇರಲಿಲ್ಲವೋ ಏನೋ, ಹನ್ನೊಂದೂ ಜನ ನನ್ನ ಬೆಂಚಿನ ಸುತ್ತಲೇ ಇದ್ದರು. ಇನ್ಸ್‌ಪೆಕ್ಟರಮ್ಮ ಮಡಿಸುವ ಕುರ್ಚಿಯಲ್ಲಿ ಕೂತು, ಫಾರಂ ತೊಡೆಯ ಮೇಲಿಟ್ಟುಕೊಂಡು, ಕನ್ನಡಕ ಏರಿಸಿ, ಪೆನ್ನಿನ ಕ್ಯಾಪ್ ತೆಗೆದರು.

"ಕಾರಣ?"

ಎದೆ ಡವಡವ ಅಂದಿತು. ಅಮ್ಮ ಸುಳ್ಳು ಹೇಳಿರಲಿಲ್ಲ.

"ನಾನು ಎಣಿಸಲ್ಲ," ಎಂದೆ. "ನಿನ್ನೆ ಹೇಳಿದ್ದು ಸುಳ್ಳು. ನಾನು ಕ್ರೈಸ್ತ. ಬೆಸುಗೆ ಹಾಕುವಾಗ ಪ್ರಾರ್ಥನೆ ಹೇಳ್ತೀನಿ, ಯೇಸು ಕಲಿಸಿದ್ದು. ಒಂದು ಪ್ರಾರ್ಥನೆಗೆ ನಾಲ್ಕು ಇಂಚು."

ಯಾರೂ ನಗಲಿಲ್ಲ. ನಗಬೇಕೋ ಬೇಡವೋ ಎಂದು ಎಲ್ಲರೂ ರೇಡಿಯೊನ ಮುಖ ನೋಡಿದರು. ರೇಡಿಯೊನ ಮುಖ ನಿಲ್ದಾಣ ತಪ್ಪಿ ಇಳಿದವನ ಹಾಗಿತ್ತು.

"ನೀನು ಬೈತಿರಲಿಲ್ವಾ?" ಎಂದ.

"ಇಲ್ಲ."

"ಮೂರು ವರ್ಷದಿಂದ ನನ್ನನ್ನೇ ಬೈತಿದ್ದೀಯ ಅಂದ್ಕೊಂಡು ನಾನು ದಿನಾ ಗ್ರೈಂಡರ್ ಸದ್ದಲ್ಲಿ ನಿನ್ನನ್ನ ವಾಪಸ್ ಬೈದಿದ್ದೀನಲ್ಲೋ." ಅವನ ದನಿಯಲ್ಲಿ ನಿಜವಾದ ನೋವಿತ್ತು. "ಅಷ್ಟೂ ದಂಡ ಆಯ್ತಾ?"

ಆಗ ನಕ್ಕರು. ನಿನ್ನೆಯದಕ್ಕಿಂತ ಜೋರಾಗಿ. ನನ್ನ ಮೈ ಬಿಸಿಯಾಯಿತು, ಬೆರಳುಗಳು ತಾವಾಗಿಯೇ ಸುತ್ತಿಗೆ ಹುಡುಕಿದವು. ಆದರೆ ನಕ್ಕದ್ದು ಅರ್ಧ ಅವನನ್ನು ನೋಡಿ ಎಂದು ಸ್ವಲ್ಪ ತಡವಾಗಿ ಹೊಳೆಯಿತು.

"ಒಂದು ನಿಮಿಷ," ಎಂದ ಮೇಸ್ತ್ರಿ ಗಂಭೀರವಾಗಿ. "ಪ್ರಾರ್ಥನೆ ಉದ್ದ ಇದ್ರೆ? ಆರು ಇಂಚು ಬೇಕಾದ್ರೆ ಏನು ಮಾಡ್ತೀಯ?"

"ಎರಡನೇದು ಶುರು ಮಾಡಿ ಅರ್ಧಕ್ಕೆ ನಿಲ್ಲಿಸ್ತೀನಿ."

"ಅರ್ಧಕ್ಕೆ ನಿಲ್ಲಿಸಬಹುದಾ ಅದನ್ನ?"

"ರಾಡು ಮುಗಿದ್ರೆ ಏನು ಮಾಡೋದು ಮೇಸ್ತ್ರಿ? ಉಳಿದರ್ಧ ಮನೆಗೆ ಹೋಗ್ತಾ ಹೇಳ್ಕೋತೀನಿ."

ಇನ್ಸ್‌ಪೆಕ್ಟರಮ್ಮ ಬರೆಯುತ್ತಿದ್ದರು. ಬರೆದದ್ದನ್ನು ಓದಿದರು, "ವೇಗದ ಅಳತೆ, ಪ್ರಾರ್ಥನೆ. ಸರಿ. ಮೂರನೇ ಇಂಚಿನಲ್ಲಿ ಏನಾಗುತ್ತೆ?"

ಇದು ಕಷ್ಟದ ಭಾಗ. ಕ್ರೈಸ್ತ ಎಂದು ಹೇಳುವುದು ಇದರ ಮುಂದೆ ಏನೂ ಅಲ್ಲ ಅನ್ನಿಸಿತು.

"ಅಲ್ಲಿ ಒಂದು ಸಾಲು ಬರುತ್ತೆ. ಬೇರೆಯವರ ತಪ್ಪನ್ನ ನಾವು ಹೊಟ್ಟೆಗೆ ಹಾಕ್ಕೊಂಡಿದ್ದೀವಿ, ನಮ್ಮದನ್ನ ನೀನೂ ಹಾಕ್ಕೋ ಅಂತ ದೇವರನ್ನ ಕೇಳೋದು. ನಾನು ಹಾಕ್ಕೊಂಡಿಲ್ಲ. ಅದಕ್ಕೇ ಅಲ್ಲಿ ಓಡ್ತೀನಿ."

"ಯಾರದ್ದನ್ನ?"

"ಪಟ್ಟಿ ಇದೆಯಮ್ಮ."

"ಫಾರಂನಲ್ಲಿ ಅಷ್ಟು ಜಾಗ ಇಲ್ಲ," ಎಂದರು ಅವರು. "ಪರಿಹಾರ?"

"ನಿಧಾನಕ್ಕೆ ಹೇಳೋದು."

"ಬರೀ ನಿಧಾನಕ್ಕೆ ಹೇಳಿದ್ರೆ ಸಾಕಾಗುತ್ತಾ?"

ನಾನು ನೆಲ ನೋಡಿದೆ. ನಿನ್ನೆಯ ಟೀ ಒಣಗಿ ಕಂದು ಕಲೆಯಾಗಿತ್ತು. "ಸಾಕಾಗಲ್ಲ. ನಾನು ಸುಲಭಕ್ಕೆ ಕ್ಷಮಿಸೋನಲ್ಲ ಅಂತ ನಿಮಗೂ ಗೊತ್ತಾಗಿರಬೇಕು. ಪ್ರಯತ್ನ ಮಾಡ್ತೀನಿ."

"ಪ್ರಯತ್ನ ನಡೆದಿದೆ," ಎಂದು ಅವರು ಬರೆದುಕೊಂಡರು. ಆಮೇಲೆ ಗಡಿಯಾರ ತೆಗೆದರು. "ಗಟ್ಟಿಯಾಗಿ ಹೇಳು. ನನಗೆ ಕೇಳಿಸಬೇಕು, ವೇಗ ನೋಡ್ಬೇಕು."

ಮತ್ತೆ ಬೆಂಚು. ಮತ್ತೆ ಗಟ್ಟಿಯಾಗಿ ಹೇಳು ಎನ್ನುವ ಮಾತು. ಈ ಸಲ ಬೆಂಚು ಕಬ್ಬಿಣದ್ದು, ನಾನು ಅದರ ಮೇಲಲ್ಲ, ಮುಂದೆ ನಿಂತಿದ್ದೆ. ಹೇಳು ಎಂದವರು ನಿಜವಾಗಿಯೂ ಕೇಳಿಸಿಕೊಳ್ಳಬೇಕೆಂದು ಹೇಳಿದ್ದರು. ಮಾಸ್ಕ್ ಇಳಿಸಿದೆ. ಕಿಡಿ ಹೊತ್ತಿತು.

ಮಾಸ್ಕಿನ ಒಳಗಿಂದ ಗಟ್ಟಿಯಾಗಿ ಹೇಳಿದರೆ ದನಿ ಡಬ್ಬದೊಳಗಿನಿಂದ ಬಂದ ಹಾಗೆ ಬರುತ್ತದೆ. ನನ್ನದೇ ದನಿ ನನಗೆ ದೊಡ್ಡವರ್ಯಾರೋ ಹೇಳಿದ ಹಾಗೆ ಕೇಳಿಸಿತು. ತಂದೆ, ಹೆಸರು, ರಾಜ್ಯ, ಊಟ. ಮೂರನೇ ಇಂಚು ಬಂತು. ಲೆಕ್ಕದ ಮೇಷ್ಟ್ರು ಬಂದು ನಿಂತರು, ತೋಳಿನ ಮೇಲೆ ಸೀಮೆಸುಣ್ಣದ ಪುಡಿ ಸಮೇತ. ಬನ್ನಿ ಸಾರ್ ಎಂದು ಕೈಹಿಡಿದು ಕರೆದೆ ಎಂದು ಬರೆದರೆ ಚೆನ್ನಾಗಿರುತ್ತದೆ, ಆದರೆ ಹಾಗಾಗಲಿಲ್ಲ. ನಾನು ಓಡಲಿಲ್ಲ, ಅಷ್ಟೇ. ರಸ್ತೆ ದಾಟದೆ ಅವರ ಪಕ್ಕದಲ್ಲೇ ಹಾದುಹೋದೆ, ಮುಖ ನೋಡಿಕೊಂಡೇ. ಮುಖಕ್ಕೆ ವಯಸ್ಸಾಗಿತ್ತು. ಚಿಕ್ಕಪ್ಪನ ಪಕ್ಕ, ಬಸ್ಸಿನವನ ಪಕ್ಕ, ರೇಡಿಯೊನ ಪಕ್ಕ. ಕಬ್ಬಿಣ ಕರಗಿ ಕೆಂಪಗೆ ಕೂಡಿಕೊಳ್ಳುವುದು ಗಾಜಿನೊಳಗಿಂದ ಕಾಣುತ್ತಿತ್ತು. ಆಮೆನ್‌ಗೆ ರಾಡು ಎತ್ತಿದೆ.

ಮೂರು ತುಂಡು, ಮೂರು ಪ್ರಾರ್ಥನೆ. ಎರಡನೆಯದರಲ್ಲಿ ಯಾರೋ ಹಿಂದಿನಿಂದ ಮೆಲ್ಲಗೆ ಆಮೆನ್ ಎಂದರು. ಯಾರು ಎಂದು ಇವತ್ತಿಗೂ ಗೊತ್ತಿಲ್ಲ. ಮೇಸ್ತ್ರಿ ಬಲಗಾಲು ತಟ್ಟುತ್ತಿದ್ದುದು ಮಾತ್ರ ಕೇಳಿಸುತ್ತಿತ್ತು.

ವೈಸಿಗೆ ಸಿಕ್ಕಿಸಿ ಬಡಿದರು. ಮೊದಲನೆಯದು ಬಾಗಿತು. ಎರಡನೆಯದು ಬಾಗಿತು. ಮೂರನೆಯದು ಬಾಗಲು ಸತಾಯಿಸಿತು, ಬಡಿಯುವವನ ಹಣೆಯಲ್ಲಿ ಬೆವರು ಬಂತು, ಕೊನೆಗೆ ಅದೂ ಬಾಗಿತು. ಇನ್ಸ್‌ಪೆಕ್ಟರಮ್ಮ ಅದರ ಮೇಲೆ ಬೆರಳಾಡಿಸಿ ಮೂರನೇ ಇಂಚಿನಲ್ಲಿ ನಿಲ್ಲಿಸಿದರು. ಅಲ್ಲಿ ಬೆಸುಗೆ ಸಣ್ಣ ಗುಬುಟಿನ ಹಾಗೆ ದಪ್ಪಗಾಗಿತ್ತು.

"ಇಲ್ಲಿ ಯಾರನ್ನೋ ಸ್ವಲ್ಪ ಜಾಸ್ತಿನೇ ಕ್ಷಮಿಸಿಬಿಟ್ಟಿದ್ದೀಯ," ಎಂದರು. "ಪರವಾಗಿಲ್ಲ. ದಪ್ಪ ಆದ್ರೆ ಉಜ್ಜಬಹುದು." ಫಾರಂ ತಿರುಗಿಸಿ ಇಟ್ಟರು. "ಸಹಿ ಹಾಕೋರು ಬನ್ನಿ."

ಮೇಸ್ತ್ರಿ ಹಾಕಿದ. ರೇಡಿಯೊ ಪೆನ್ನು ಹಿಡಿದು, ಇಡೀ ಕಾಗದ ತುಟಿ ಆಡಿಸುತ್ತಾ ಓದಿ, ಹಾಕಿದ. ನನ್ನ ಹೆಸರು ಮೆಟ್ಟಿಲಿನ ಕೆಲಸದ ಪಟ್ಟಿಗೆ ಸೇರಿತು. ಇನ್ಸ್‌ಪೆಕ್ಟರಮ್ಮ ಅಮ್ಮನ ಟೀ ಒಂದು ಲೋಟ ಕುಡಿದು, ಸಕ್ಕರೆ ಸರಿಯಾಗಿದೆ ಎಂದು ಹೇಳಿ ಹೊರಟುಹೋದರು.

ಅವರು ಗೇಟು ದಾಟಿದರೋ ಇಲ್ಲವೋ, ರೇಡಿಯೊ ಹತ್ತಿಕೊಂಡ. ಸಹಿ ಹಾಕಿದ್ದಕ್ಕೆ ಅವನಿಗೆ ಒಳಗೆಲ್ಲೋ ಉರಿದಿರಬೇಕು. ಮೂರು ವರ್ಷದ ಬೈಗುಳ ಪುಕ್ಕಟೆ ಹೋದ ಸಂಕಟ ಬೇರೆ.

"ಬನ್ರಪ್ಪ, ದೇವರ ಅಳಿಯ ಪಾಸಾಗಿದ್ದಾನೆ," ಎಂದ, ಹನ್ನೊಂದು ಜನಕ್ಕೂ ಕೇಳುವ ಹಾಗೆ. "ಕೈಲಾಗದೋನು ಕೈ ಜೋಡಿಸ್ದ, ಆ ಮುದುಕಿ ಕರಗಿಹೋದ್ಲು. ನಾಳೆ ಇವರಮ್ಮನ್ನೂ ಕರ್ಕೊಂಡು ಬರ್ತಾನೆ ನೋಡಿ, ಕಂಡೋರ ಹಾಸಿಗೆ ಇಸ್ತ್ರಿ ಮಾಡಿ ಮಾಡಿ ಮಂಡಿ ಊರೋದು ಅವಳಿಗೆ ರೂಢಿ."

ಅಮ್ಮನ ಮಾತು ಬಂದಾಗ ನಾನೇನು ಮಾಡುತ್ತೇನೆ ಎಂದು ಆ ವರ್ಕ್‌ಶಾಪಿನ ಗೋಡೆಗಳಿಗೂ ಗೊತ್ತು. ಒಂದು ಗೋಡೆಯಲ್ಲಿ ಗುರುತೇ ಇದೆ. ಇಬ್ಬರು ಹಿಂದಕ್ಕೆ ಸರಿದರು. ಮೇಸ್ತ್ರಿ ಹೋಗಿ ಕೆಂಪು ಹೂವಿನ ಫ್ಲಾಸ್ಕನ್ನು ಎತ್ತಿ, ಎಳೆಮಗುವನ್ನು ಅಪ್ಪಿಕೊಂಡ ಹಾಗೆ ಎದೆಗೆ ಅಪ್ಪಿಕೊಂಡು ನಿಂತ.

ಕೋಪ ಬರಲಿಲ್ಲ ಎಂದು ಹೇಳಿದರೆ ಅದು ಒಂದರಿಂದ ಮೂವತ್ತೈದು ಎಣಿಸಿದಂಥದ್ದೇ ಸುಳ್ಳು. ಕಿವಿಯಿಂದ ಹಬೆ ಬರುತ್ತಿತ್ತು. ಬಾಯಿಗೆ ಎಂಥೆಂಥ ಮಾತು ಬಂದಿತ್ತು ಎಂದರೆ ಇಲ್ಲಿ ಬರೆಯುವಂಥದ್ದಲ್ಲ, ಅಷ್ಟು ಒಳ್ಳೆಯ ಮಾತುಗಳು. ಹೋಗಿ ಬೆಂಚಿನ ಮೇಲಿನ ಸುತ್ತಿಗೆ ಎತ್ತಿಕೊಂಡೆ. ಯಾರೋ, "ಬೇಡ ಕಣೋ," ಎಂದರು.

ರೇಡಿಯೊ ಕದಲಲಿಲ್ಲ, ಅವನ ಧೈರ್ಯ ಮೆಚ್ಚಬೇಕು. ಹತ್ತಿರದಿಂದ ನೋಡಿದರೆ ಅವನ ಹುಬ್ಬಿನ ಕೂದಲೆಲ್ಲ ಕಿಡಿಗೆ ಸುಟ್ಟು ಮೊಂಡಾಗಿತ್ತು, ನನ್ನವೇ ಕಿಡಿಗಳಿರಬೇಕು. ಮೂರು ವರ್ಷ ದಿನಕ್ಕೆ ನಲವತ್ತು ಸಲ ಈ ಮುಖ ಕಂಡರೆ ಓಡಿದ್ದೆ. ಇವತ್ತು ಮೂರು ಸಲ ಮಾತ್ರ ಓಡಿರಲಿಲ್ಲ.

ಸುತ್ತಿಗೆಯನ್ನು ಸೊಂಟದ ಪಟ್ಟಿಗೆ ಸಿಕ್ಕಿಸಿದೆ. ರಾಡಿನ ಕಟ್ಟು ಎತ್ತಿ ಹೆಗಲಿಗಿಟ್ಟೆ. ಮಾಸ್ಕನ್ನು ಮುಖಕ್ಕೆ ಹಾಕಲಿಲ್ಲ, ಕಂಕುಳಲ್ಲಿ ಇಟ್ಟುಕೊಂಡೆ.

"ಏನೋ, ಉತ್ತರ ಇಲ್ವಾ?" ಎಂದ ರೇಡಿಯೊ. "ನಿನ್ನ ದೇವರು ನಾಲಿಗೆಗೂ ಬೆಸುಗೆ ಹಾಕ್ಬಿಟ್ನಾ?"

ಎಲ್ಲರೂ ಕಾದರು. ಹಿಂದಿನ ಮನೆಯ ಕೋಳಿ ಕೂಡ ಸುಮ್ಮನಿತ್ತು. ಹೊರಗೆ ಅಂಗಳದಲ್ಲಿ ಮೆಟ್ಟಿಲಿನ ಮೊದಲ ತುಂಡು ಎರಡು ಸ್ಟ್ಯಾಂಡಿನ ಮೇಲೆ ಅಡ್ಡ ಮಲಗಿತ್ತು, ಹನ್ನೊಂದು ಗಂಟೆಯ ಬಿಸಿಲು ಅದರ ಮೇಲೆ ಬಿದ್ದಿತ್ತು. ನಾನು ಅದರ ಕಡೆಗೆ ನಡೆದೆ.